ಮೆಸಿಯೇಯ ನೀಹಾರಿಕಾಸೂಚಿಯಲ್ಲಿ ಪಾಠಶೋಧನೆ

ಓಲೆಯ ಪ್ರತಿಗಳನ್ನು ಪರಿಶೋಧಿಸುವವರಿಗೆ ಲಿಪಿಕಾರಪ್ರಮಾದವೆಂಬುದು ನಿತ್ಯದ ಮಾತು. ಆಕಾಶವನ್ನು ಕಣ್ಣಾರೆ ನೋಡಿ ಬರೆದ, ಬರೆದವನ ಕಾಲದಲ್ಲಿಯೇ ಅಚ್ಚಾದ ಗ್ರಂಥವೊಂದರಲ್ಲಿಯೂ ಅದೇ ದೋಷವು ನುಸುಳಿ ಸುಮಾರು ಇನ್ನೂರು ವರ್ಷ ವಿದ್ವಾಂಸರನ್ನು ದಣಿಸಿತೆಂದರೆ ಆಶ್ಚರ್ಯವಾಗಬಹುದು. ಫ್ರಾನ್ಸಿನ ಜ್ಯೋತಿರ್ವಿದನಾದ ಶಾರ್ಲ್ ಮೆಸಿಯೇ ರಚಿಸಿದ ಸೂಚಿಯೇ ಆ ಗ್ರಂಥ.

ಮೆಸಿಯೇ ಧೂಮಕೇತುಗಳನ್ನು ಅರಸುತ್ತಿದ್ದವನು. 1758ರಲ್ಲಿ ವೃಷಭರಾಶಿಯಲ್ಲಿ ಧೂಮಕೇತುವಿನಂತೆ ಮಸುಕಾಗಿ ತೋರಿಯೂ ಚಲಿಸದ ಒಂದು ಜ್ಯೋತಿಯನ್ನು ಕಂಡನು. ಇಂಥವುಗಳಿಂದ ಅನ್ವೇಷಕರು ಮೋಸಹೋಗಬಾರದೆಂದು ಪಟ್ಟಿಗೆ ತೊಡಗಿದನು. 1774ರಲ್ಲಿ ಪ್ರಕಟವಾದ ಮೊದಲ ಪಟ್ಟಿಯಲ್ಲಿದ್ದುವು 45. ಕೊನೆಯದು ನಮ್ಮ ಕೃತ್ತಿಕೆ. (ಕೃತ್ತಿಕೆಯನ್ನು ಧೂಮಕೇತುವೆಂದು ಭ್ರಮಿಸುವವರು ಯಾರಿದ್ದರೋ!) 1781ರಲ್ಲಿ ಸಂಖ್ಯೆಯು 103ಕ್ಕೆ ಏರಿತು. ಇವುಗಳಲ್ಲಿ 47, 48, 91, 102 ಎಂಬ ನಾಲ್ಕು ಹುಡುಕಿದವರಿಗೆ ಸಿಕ್ಕಲಿಲ್ಲ.

47ನೆಯದನ್ನು 1771ರಲ್ಲಿ ಮೆಸಿಯೇ ನೌಕಾಪುಂಜದ ಒಂದು ತಾರೆಯಿಂದ ಅಳೆದಿದ್ದನು. ಗಣಿತದಲ್ಲಿ ಧನ ಋಣ ಚಿಹ್ನೆಗಳು ತಿರುಗುಮುರುಗಾಗಿ ಪಶ್ಚಿಮದಲ್ಲಿದ್ದ ತಾರಾಗುಚ್ಛವು ಪೂರ್ವಕ್ಕೆ ಹೋಯಿತು. 1888ರಲ್ಲಿ ಡ್ರೇಯರನು ತನ್ನ 7840 ವಸ್ತುಗಳ ಮಹಾಸೂಚಿಯಲ್ಲಿ ಆ ಬರಿಯ ಎಡೆಗೂ 2478 ಎಂಬ ಸಂಖ್ಯೆಯನ್ನು ಕೊಟ್ಟನು. ನಿಜವಾದ ಗುಚ್ಛವು 2422ನೆಯದು. ಪಾಠದೋಷದಿಂದ ಇಲ್ಲದ ಕವಿಯೊಬ್ಬನು ಕವಿಚರಿತೆಯನ್ನು ಹೊಕ್ಕಂತಾಯಿತು. ಇದನ್ನು 1934ರಲ್ಲಿ ಓಸ್ವಾಲ್ಡ್ ಥಾಮಸ್, 1959ರಲ್ಲಿ ಸ್ವತಂತ್ರವಾಗಿ ಮಾರಿಸ್ ಸರಿಪಡಿಸಿದರು. 48ರಲ್ಲಿ ಕ್ರಾಂತಿಯು ನಾಲ್ಕೈದು ಅಂಶ ತಪ್ಪಿದ್ದಿತು. 91ನೆಯದನ್ನು 89ರಿಂದ ಅಳೆದು 58ರಿಂದ ಅಳೆದಂತೆ ಗಣಿಸಿರಬೇಕೆಂದು 1969ರಲ್ಲಿ ವಿಲಿಯಮ್ಸ್ ತೋರಿಸಿದನು.

102ನೆಯದರ ವಿಚಾರವು ಬೇರೆ. ಇದನ್ನು ಕಂಡವನು ಮೆಸಿಯೇಯ ಸಹೋದ್ಯೋಗಿಯಾದ ಮೇಷೆಂ. ಅಚ್ಚಿನಲ್ಲಿ ಸ್ಥಾನಾಂಕಗಳಿಲ್ಲ, ಬೂಟೀಸ್ ಪುಂಜದ ಓಮಿಕ್ರಾನ್ ತಾರೆಗೂ ಡ್ರೇಕೋ ಪುಂಜದ ಅಯೋಟಾ ತಾರೆಗೂ ನಡುವೆ ಎಂದಷ್ಟೇ ಇದೆ. ಆ ಓಮಿಕ್ರಾನ್ ಬಹುದೂರ ದಕ್ಷಿಣದಲ್ಲಿದೆ. ಓಮಿಕ್ರಾನ್ ಬರಿಯ ಸೊನ್ನೆ, ಥೀಟಾ ನಡುವೆ ಗೀಟುಳ್ಳ ಸೊನ್ನೆ. ನಮ್ಮ ಥಕಾರ ಧಕಾರಗಳಿಗೆ ಒಂದು ಬಿಂದುವಿನ ಭೇದವಿರುವಂತೆ. ಥೀಟಾ ಎಂದು ತಿದ್ದಿಕೊಂಡರೆ ಡ್ರೇಯರನ 5866ನೆಯದು ಆ ಎಡೆಯಲ್ಲಿಯೇ ದೊರೆಯುತ್ತದೆ. ಮೆಸಿಯೇ ತನ್ನ ಪ್ರತಿಯಲ್ಲಿ ಕೈಯಿಂದ ಬರೆದಿಟ್ಟ ಸ್ಥಾನವೂ ಅದಕ್ಕೆ ಸುಮಾರು 5 ಅಂಶ ಪಶ್ಚಿಮದಲ್ಲಿದೆ. ನಕ್ಷೆಯ ಒಂದು ಗೆರೆಯನ್ನು ತಪ್ಪಿ ಓದಿರಬಹುದೆಂಬುದು ಕೆಲವರ ಊಹೆ.

ಇಷ್ಟಕ್ಕೇ ನಿಂತಿದ್ದರೆ ಪಾಠಪರಿಷ್ಕಾರವು ನಿರ್ವಿವಾದವಾಗುತ್ತಿದ್ದಿತು. ಆದರೆ 1783ರಲ್ಲಿ ಮೇಷೆಂ ಬರ್ಲಿನ್ನಿನ ಬರ್ನೂಲಿಗೆ ಪತ್ರ ಬರೆದು, ಇದು 101ರ ಪುನರುಕ್ತಿ, ನಕ್ಷೆಯ ದೋಷದಿಂದಾದ ಭ್ರಾಂತಿ ಎಂದು ತಾನೇ ಹಿಂತೆಗೆದುಕೊಂಡನು. ವರ್ಣನೆಯೂ ಅವನದು, ನಿರಾಕರಣೆಯೂ ಅವನದು. ಕವಿಯು ಸ್ವಹಸ್ತದಿಂದ ಹೊಡೆದುಹಾಕಿದ ಪದ್ಯವನ್ನು, ಛಂದಸ್ಸು ಸರಿಹೊಂದುತ್ತದೆಂಬ ಮಾತ್ರಕ್ಕೆ, ಸಂಪಾದಕನು ಮೂಲಕ್ಕೆ ಮರಳಿ ಸೇರಿಸಬಹುದೆ? ಥೀಟಾ ಎಂಬ ಪಾಠದ ಸೊಗಸಿಗೆ ನಾನೂ ಮನಸೋತವನೇ. ಆದರೂ 5866ನೆಯದನ್ನು ಅಡಿಟಿಪ್ಪಣಿಯಲ್ಲಿ ಕಾಣಿಸಿ, ಮೂಲದಲ್ಲಿ 102ರ ಎಡೆಯನ್ನು ಬರಿದಾಗಿ ಬಿಡುವುದೇ ನ್ಯಾಯವೆಂದು ತೋರುತ್ತದೆ.