ಕಮಲನಗರ ಸೀಮೆಯಲ್ಲಿ ಶಿಶುವಿದ್ಯೆ

ಬೀದರದಿಂದ ಉದಗೀರಕ್ಕೆ ಹೋಗುವ ರೈಲುದಾರಿಯಲ್ಲಿ, ಮಹಾರಾಷ್ಟ್ರದ ಎಲ್ಲೆಗೆ ಸಮೀಪವಾಗಿ ಕಮಲನಗರವಿರುವುದು. ಔರಾದ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಾಗಿದೆ. ಎಳೆಯ ಮಕ್ಕಳ ವಿದ್ಯೆಯಲ್ಲಿ ಉಳ್ಳವರಿಗೂ ಇಲ್ಲದವರಿಗೂ ಅಂತರವು ಹೇಗೆ ಬೆಳೆಯಿತೆಂಬುದನ್ನು ತಿಳಿಯಲು ಈ ಸೀಮೆಯ ಇತಿಹಾಸವು ತಕ್ಕ ನಿದರ್ಶನವಾಗಿದೆ.

1948ರ ವರೆಗೆ ಈ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದಿತು. ಮನೆಗಳಲ್ಲಿಯೂ ಸಂತೆಗಳಲ್ಲಿಯೂ ಕನ್ನಡ ಮರಾಠಿಗಳು, ಕಚೇರಿಯಲ್ಲಿ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವಿನಲ್ಲಿಯೇ ಉನ್ನತ ವಿದ್ಯೆಯನ್ನು ಬೋಧಿಸಿದುದು ದೇಶಭಾಷೆಯೊಂದಕ್ಕೆ ಸಂದ ಗೌರವವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಾಲೆಯ ಕೆಳಗಣ ಮೆಟ್ಟಿಲಲ್ಲಿಯೂ ಅದೇ ನುಡಿಯು ಆಳತೊಡಗಲು, ತಾಯಿಯಿಂದ ಕೇಳರಿಯದ ಮಾತಿನಲ್ಲಿ ಮಗುವು ಅಕ್ಷರವನ್ನು ಕಲಿಯಬೇಕಾಯಿತು. ಅನುಕೂಲವುಳ್ಳವರು ಮನೆಯಲ್ಲಿಯೇ ಪಾಠ ಹೇಳಿಸಿ ಈ ತೊಡಕನ್ನು ದಾಟಬಲ್ಲವರಾಗಿದ್ದರು. ಕೂಲಿಯವರ ಮಕ್ಕಳಿಗೆ ಆ ದಾರಿಯಿರಲಿಲ್ಲ.

1889ರಲ್ಲಿ ಕಮಲನಗರದಲ್ಲಿ ಜನಿಸಿ ಭಾಲ್ಕಿಯ ಹಿರೇಮಠದ ಪೀಠವನ್ನೇರಿದ ಚನ್ನಬಸವ ಪಟ್ಟದ್ದೇವರು ಈ ಕೊರತೆಯನ್ನು ಮನಗಂಡರು. ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಅವರ ಶಾಲೆಯ ಕಥೆಯು ಬೀದರ ಸೀಮೆಯಲ್ಲಿ ಮನೆಮಾತಾಗಿದೆ. 1956ರ ನವೆಂಬರ್ 1ರಂದು ಬೀದರವು ಮೈಸೂರು ರಾಜ್ಯವನ್ನು ಸೇರಿತು; ಉದಗೀರವು ಮುಂಬಯಿ ಪ್ರಾಂತಕ್ಕೆ ಹೋಯಿತು. ಫಲಕವನ್ನು ಮರೆಮಾಡುವ ಕಾಲವು ಮುಗಿಯಿತು.

ಇತ್ತ ದೇಶದ ಬೇರೆಡೆಗಳಲ್ಲಿ ಶಾಲೆಗೆ ಮೊದಲಿನ ವಯಸ್ಸಿನ ಕಡೆಗೂ ದೃಷ್ಟಿ ಹರಿದಿದ್ದಿತು. 1920ರಲ್ಲಿ ಗಿಜುಭಾಯಿ ಬಧೇಕಾ ಅವರು ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. 1939ರಲ್ಲಿ ಮಾರಿಯಾ ಮಾಂಟೆಸರಿಯವರು ಭಾರತಕ್ಕೆ ಬಂದರು. ಆ ಶಿಕ್ಷಣವು ಪಟ್ಟಣದ ಅನುಕೂಲಸ್ಥರಿಗಷ್ಟೇ ದೊರೆಯುತ್ತಿರುವುದನ್ನು ಕಂಡ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿ ಗ್ರಾಮದಲ್ಲಿ ಬಡವರ ಅಂಗಳಕ್ಕೇ ಪಾಠವನ್ನು ಒಯ್ದರು. ಅಂಗನವಾಡಿಯೆಂಬ ಹೆಸರಿನ ಮೂಲವು ಇದೇ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರವು 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕದಲ್ಲಿ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವು. ಬೀದರದಿಂದ ಅದು ರಾಜ್ಯದ ಇನ್ನೊಂದು ತುದಿ.

ಕಾನೂನಿನ ನಡೆಯೂ ವಿಚಾರಾರ್ಹವಾಗಿದೆ. 1950ರ ಸಂವಿಧಾನದ 45ನೆಯ ವಿಧಿಯು 14 ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣವನ್ನು 10 ವರ್ಷಗಳೊಳಗೆ ಒದಗಿಸಲು ಯತ್ನಿಸಬೇಕೆಂದಿತು. ಅದರಲ್ಲಿ ಕೆಳಗಿನ ವಯಸ್ಸಿನ ಮಿತಿಯೇ ಇರಲಿಲ್ಲ. 2002ರ 86ನೆಯ ತಿದ್ದುಪಡಿಯು 6ರಿಂದ 14ರ ವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರರೊಳಗಿನ ಕೂಸಿಗೆ ಮಾತ್ರ ಸರ್ಕಾರದ ಪ್ರಯತ್ನದ ಭರವಸೆಯೇ ಉಳಿಯಿತು.

ಈ ತೆರವನ್ನು ಹಣವು ತುಂಬಿತು. ಶುಲ್ಕ ತೆರಬಲ್ಲವರ ಮಗುವು ಖಾಸಗಿ ಶಿಶುವಿಹಾರದಲ್ಲಿ ಇಂಗ್ಲಿಷನ್ನು ಕಲಿಯುವುದು. ಉಳಿದ ಮಗುವು ಅಂಗನವಾಡಿಗೆ ಹೋಗುವುದು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪೂರ್ವಪ್ರಾಥಮಿಕ ತರಗತಿಗಳನ್ನು ತೆರೆಯಲು ಸರ್ಕಾರವು ಮುಂದಾದಾಗ, ತಮ್ಮ ಕೇಂದ್ರಗಳು ಬರಿದಾಗುವುವೆಂದು ಅಂಗನವಾಡಿ ಕಾರ್ಯಕರ್ತೆಯರು ಪ್ರತಿಭಟಿಸಿದರು. ಇಬ್ಬರ ಆತಂಕಕ್ಕೂ ಕಾರಣವೊಂದೇ: ಅಂಗನವಾಡಿಗೆ ಅನ್ನದ ಹೊರೆಯನ್ನು ಹೊರಿಸಿದಷ್ಟು ಶ್ರದ್ಧೆಯಿಂದ ಅಕ್ಷರದ ಸಾಧನವನ್ನು ಒದಗಿಸಲಿಲ್ಲ.

ಅಂದು ಪಟ್ಟದ್ದೇವರು ಕನ್ನಡದ ಕೂಸಿಗಾಗಿ ಬಯಸಿದ ನ್ಯಾಯವು ಇಂದು ಈ ಗಡಿಯ ಮರಾಠಿ, ಉರ್ದು, ಲಂಬಾಣಿ ಮನೆಗಳ ಕೂಸುಗಳಿಗೂ ಸಲ್ಲತಕ್ಕದ್ದು. ಮೊದಲ ಪಾಠವು ಮಗುವಿಗೆ ತಿಳಿಯುವ ಮಾತಿನಲ್ಲಿ, ತಂದೆಯ ಹಣದ ಚೀಲವನ್ನು ನೋಡದೆ ದೊರೆಯುವವರೆಗೆ ಆ ಶಾಲೆಯ ಕಾರ್ಯವು ಪೂರ್ಣವಾಯಿತೆನ್ನಲಾಗದು.