ನೆನಪಲ್ಲಿ ಉಳಿಯುವ, ಊಹೆಗೆ ಸಿಗದ ಪಾಸ್‌ವರ್ಡ್

ಮಂಜೇಶ್ವರ ತಾಲೂಕಿನ ಪೈವಳಿಕೆಯಂಥ ಊರುಗಳಲ್ಲಿ ಗಲ್ಫ್‌ನಿಂದ ಬರುವ ಹಣದ ಲೆಕ್ಕ, ಪಾಸ್‌ಪೋರ್ಟ್ ಪ್ರತಿ, ವೀಸಾ ಕಾಗದ ಎಲ್ಲವೂ ಈಗ ಮೊಬೈಲ್, ಇಮೇಲ್‌ನಲ್ಲೇ ಇರುತ್ತವೆ. ಅದಕ್ಕೆ ಹಾಕುವ ಬೀಗ ಮಾತ್ರ ಮಗುವಿನ ಹೆಸರು, ಹುಟ್ಟಿದ ವರ್ಷ, ಕೊನೆಗೊಂದು 786. ಮನೆಯವರಿಗೆ ನೆನಪಿಡಲು ಸುಲಭ, ಕಳ್ಳನಿಗೆ ಊಹಿಸಲೂ ಅಷ್ಟೇ ಸುಲಭ.

ಯಂತ್ರ ಊಹಿಸುವುದು ಹೇಗೆ?

'ಅಸ್ಸಲಾಮು' ಅಂದ ಕೂಡಲೇ ಮುಂದಿನದ್ದು 'ಅಲೈಕುಂ' ಎಂದು ಯಾರಿಗೂ ಗೊತ್ತು. ಯಾವ ಅಕ್ಷರದ ಅಥವಾ ಪದದ ನಂತರ ಯಾವುದು ಹೆಚ್ಚಾಗಿ ಬರುತ್ತದೆ ಎಂದು ಎಣಿಸಿಟ್ಟ ಇಂಥ ಲೆಕ್ಕವೇ ಸಂಖ್ಯಾಶಾಸ್ತ್ರೀಯ ಭಾಷಾ ಮಾದರಿ. ರಷ್ಯಾದ ಗಣಿತಜ್ಞ ಮಾರ್ಕೋವ್ 1913ರಲ್ಲೇ ಪುಶ್ಕಿನ್ ಕಾವ್ಯದ 20,000 ಅಕ್ಷರಗಳನ್ನು ಹೀಗೆ ಎಣಿಸಿದ್ದರು. ಜನ ನೆನಪಿಗೆ ಸುಲಭವೆಂದು ಇಟ್ಟುಕೊಳ್ಳುವ ಪಾಸ್‌ವರ್ಡ್‌ಗಳನ್ನು ಇದೇ ಲೆಕ್ಕದಿಂದ ಬೇಗ ಮುರಿಯಬಹುದೆಂದು 2005ರಲ್ಲಿ ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ತೋರಿಸಿದರು. ಹಾಗಾಗಿ ಗಾದೆ, ಹಾಡಿನ ಸಾಲು ಎಷ್ಟು ಉದ್ದ ಇದ್ದರೂ ಪಾಸ್‌ವರ್ಡ್‌ಗೆ ಆಗದು.

ಅದೇ ಲೆಕ್ಕ ಕಾವಲಿಗೂ

2015ರಲ್ಲಿ ಅಮೆರಿಕದ ಸಂಶೋಧಕರಾದ ಮರ್ಜಾನ್ ಘಜ್ವಿನಿನೆಜಾದ್ ಮತ್ತು ಕೆವಿನ್ ನೈಟ್ ಇದನ್ನು ತಿರುಗಿಸಿ ಬಳಸಿದರು. ಮೊದಲು 60 ಬಾರಿ ನಾಣ್ಯ ಚಿಮ್ಮಿದಂತೆ ಕಂಪ್ಯೂಟರ್ ಒಂದು ಸಂಖ್ಯೆ ಆರಿಸುತ್ತದೆ. ಆಮೇಲೆ ಭಾಷಾ ಮಾದರಿ ಅದನ್ನು ಪ್ರಾಸವಿರುವ ಎರಡು ಸಾಲಿನ ಪದ್ಯ ಮಾಡುತ್ತದೆ. ಇಲ್ಲಿರುವ ಸಾಧ್ಯತೆಗಳು 1ರ ಮುಂದೆ 18 ಸೊನ್ನೆ ಹಾಕಿದ್ದಕ್ಕಿಂತ ಹೆಚ್ಚು. ಆದರೂ ಬೈತ್‌ನಂತೆ ತಾಳ ಇರುವುದರಿಂದ ಬಾಯಿಪಾಠ ಮಾಡಬಹುದು. ಭದ್ರತೆ ಬರುವುದು ನಾಣ್ಯದಿಂದ, ನೆನಪು ಉಳಿಯುವುದು ಭಾಷೆಯಿಂದ.

ಮನೆಯಲ್ಲೇ ಮಾಡುವ ವಿಧಾನ

ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ತಂದ 'ಡೈಸ್‌ವೇರ್' ವಿಧಾನಕ್ಕೆ ಕಂಪ್ಯೂಟರೂ ಬೇಡ. ಅದರಲ್ಲಿ ದಾಳವನ್ನು 5 ಸಲ ಹಾಕಿ 7,776 ಪದಗಳಲ್ಲಿ ಒಂದನ್ನು ಆರಿಸಬೇಕು. ಮನೆಮಟ್ಟಿಗೆ ಸಣ್ಣ ಪಟ್ಟಿಯೂ ಸಾಕು: ಬ್ಯಾರಿ, ತುಳು, ಕನ್ನಡ, ಮಲಯಾಳಂನ 216 ಬೇರೆ ಬೇರೆ ಪದಗಳನ್ನು ಪುಸ್ತಕದಲ್ಲಿ ನಂಬರ್ ಹಾಕಿ ಬರೆಯಿರಿ. ದಾಳ 3 ಸಲ ಹಾಕಿದರೆ ಒಂದು ಪದ. ಹೀಗೆ 8 ಪದ ಆರಿಸಿದರೆ 60 ಬಿಟ್‌ಗಿಂತ ಹೆಚ್ಚು ಬಲ. ಪಟ್ಟಿ ಕಳ್ಳನ ಕೈಗೆ ಸಿಕ್ಕರೂ ಲೆಕ್ಕ ಬದಲಾಗದು.

ಅಡಿಕೆ, ಕೋರಿ, ಕುಡ, ದೋಣಿ ಎಂದು ಬಂದರೆ, ಅಡಿಕೆ ತಿಂದ ಕೋರಿ ಕುಡ ಹಿಡಿದು ದೋಣಿ ಹತ್ತಿತು ಎಂದು ಮನಸ್ಸಲ್ಲೇ ಕತೆ ಕಟ್ಟಿ. ಕತೆ ಚಂದ ಆಗಲಿ ಎಂದು ಪದ ಬದಲಿಸಬೇಡಿ. ಬದಲಿಸಿದರೆ ಆಯ್ಕೆ ದಾಳದ್ದಲ್ಲ, ನಿಮ್ಮದಾಗುತ್ತದೆ. ಚಾಟ್‌ಬಾಟ್ ಹತ್ತಿರ ಪಾಸ್‌ವರ್ಡ್ ಕೇಳುವುದೂ ಬೇಡ; ಸಾಮಾನ್ಯವಾಗಿ ಬರುವ ಪದಗಳ ಕಡೆಗೇ ಅದು ವಾಲುತ್ತದೆ.

ಇಷ್ಟು ಮಾಡಿಯೂ ಫೋನಲ್ಲಿ ಯಾರಿಗಾದರೂ ಪಾಸ್‌ವರ್ಡ್, ಒಟಿಪಿ ಹೇಳಿಬಿಟ್ಟರೆ ಏನೂ ಪ್ರಯೋಜನ ಇಲ್ಲ. ಹಣ ಹೋದದ್ದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಬೇಕು.