ವಚನಗಳ ಮರುಶೋಧ ಮತ್ತು ರಬಕವಿ–ಬನಹಟ್ಟಿ

12ನೆಯ ಶತಮಾನದ ಶರಣರ ವಚನಗಳು 20ನೆಯ ಶತಮಾನದಲ್ಲಿ ಮತ್ತೆ ಓದುಗರ ಕೈಸೇರಿದ ಚರಿತ್ರೆಯಲ್ಲಿ ಜಮಖಂಡಿ ಸೀಮೆಯ ನೇಕಾರರ ಊರು ರಬಕವಿ–ಬನಹಟ್ಟಿಗೆ ಮೊದಲ ಪುಟದಲ್ಲೇ ಜಾಗವಿದೆ. ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿ (1880–1964) 1903ರಲ್ಲಿ ಇಲ್ಲಿನ ಶಿವಲಿಂಗಪ್ಪ ಮಂಚಾಲೆಯವರ ಮನೆಯಲ್ಲಿ ‘ಪ್ರಭುದೇವರ ವಚನ’, ‘ಷಟ್‌ಸ್ಥಲ ತಿಲಕ’ ಎಂಬ ತಾಡೋಲೆ ಗ್ರಂಥಗಳನ್ನು ಕಂಡರು. ಮುಂದೆ ವಿಜಯಪುರದಲ್ಲಿ ವಕೀಲಿಗೆ ನಿಂತರೂ ಅವರ ಮನಸ್ಸು ಓಲೆಗರಿಗಳ ಬೆನ್ನು ಹತ್ತಿತ್ತು.

ಇಂಥ ಕಟ್ಟುಗಳು ಆಗ ಅನೇಕ ಲಿಂಗಾಯತ ಮನೆ, ಮಠಗಳಲ್ಲಿದ್ದವು. ಮೇಲೊಂದು ಕೆಳಗೊಂದು ಮರದ ಪಟ್ಟಿ, ನಡುವೆ ದಾರ ಪೋಣಿಸಿದ ಗರಿಗಳು, ಸುತ್ತ ಅರಿವೆ. ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದರು. ಬಿಚ್ಚಿ ಓದುವವರು ಕಡಿಮೆ. ಕಂಠವೆಂಬ ಮೊನೆಕಡ್ಡಿಯಿಂದ ಕೊರೆದ ಅಕ್ಷರಕ್ಕೆ ಮಸಿ ತೀಡಿದರೆ ಮಾತ್ರ ಸಾಲು ಕಣ್ಣಿಗೆ ಬೀಳುತ್ತಿತ್ತು. ಪೂಜೆಯೇ ಗರಿಗಳನ್ನು ಉಳಿಸಿತು, ಓದನ್ನು ತಡೆದದ್ದೂ ಅದೇ.

ವಚನಗಳು ಹೀಗೆ ಓದುಗರಿಗೆ ಮರಳಿ ಸಿಕ್ಕಿದ್ದನ್ನು ‘ಮರುಹುಟ್ಟು’ ಎನ್ನುವುದು ಸ್ವಲ್ಪ ಹೆಚ್ಚಾದೀತು. ಗ್ರೀಸಿನ ಹಳೆಯ ಬಹುದೇವತಾ ಧರ್ಮವನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 4ನೆಯ ಶತಮಾನದ ಕೊನೆಗೆ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಅದರ ಪೂಜೆಯನ್ನು ನಿಷೇಧಿಸಿದ. ಈಗಿನ ಅನುಯಾಯಿಗಳು 1997ರಲ್ಲಿ ಸಂಘಟನೆ ಕಟ್ಟಿ, 2017ರಲ್ಲಿ ಸರ್ಕಾರದ ಮಾನ್ಯತೆ ಪಡೆದರು. ಹೋಮರ್ ಉಳಿದಿದ್ದ, ಆರತಿ ಎತ್ತುವವರಿರಲಿಲ್ಲ. ನಮ್ಮಲ್ಲಿ ಇಷ್ಟಲಿಂಗ ಕೊರಳಲ್ಲೇ ಇತ್ತು, ವಚನ ಅರಿವೆಯೊಳಗಿತ್ತು. ಅದೂ ಪೂರ್ತಿ ಮರೆತದ್ದಲ್ಲ: 15ನೆಯ ಶತಮಾನದಲ್ಲಿ, ವಿಜಯನಗರದ ಅರಸ ಪ್ರೌಢದೇವರಾಯನ ಕಾಲಕ್ಕೇ, ವಚನಗಳ ಸಂಕಲನ ಒಮ್ಮೆ ನಡೆದಿತ್ತು.

ಹಳಕಟ್ಟಿಯವರ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ 1923ರಲ್ಲಿ ಹೊರಬಂತು. ಪ್ರಕಟಣೆಗೆ ಬೇರೆಯವರ ಮುದ್ರಣಾಲಯ ನೆಚ್ಚಿದರೆ ಆಗದೆಂದು 1925ರಲ್ಲಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. ಅದಕ್ಕಾಗಿ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಇದು ಒಬ್ಬರದೇ ಸಾಹಸವಲ್ಲ. ಹಾನಗಲ್ ಕುಮಾರಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿ ಬಳಿ ಶಿವಯೋಗಮಂದಿರವನ್ನೂ ಕಟ್ಟಿದ್ದರು. ಆದರೆ ಓಲೆಯನ್ನು ಅಚ್ಚಿಗೆ ತಂದ ದುಡಿಮೆಯಲ್ಲಿ ಹಳಕಟ್ಟಿಯವರಿಗೆ ಸಾಟಿಯಿಲ್ಲ.

ರಾಜ್ಯ ಸರ್ಕಾರ 1993ರಲ್ಲಿ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ವನ್ನು ಹೊರತಂದಿತು. ಹಳಕಟ್ಟಿಯವರು ಹುಟ್ಟಿದ ಜುಲೈ 2 ಈಗ ವಚನ ಸಾಹಿತ್ಯ ಸಂರಕ್ಷಣಾ ದಿನ.